13 ಲಕ್ಷದ ಮನೆ, ಎದುರಿಗೆ ಸಮುದ್ರ

ಸಮುದ್ರದ ದಂಡೆಯಲ್ಲಿ 13 ಲಕ್ಷಕ್ಕೆ ಮನೆ ಸಿಗುತ್ತದೆ ಅಂತ ನಮ್ಮ ಮನೆಯವರು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಅವರು ಮತ್ತೊಮ್ಮೆ ಹೇಳಿದರು.

"ಕುಮಟಾ ದಾಟಿ ಹೊನ್ನಾವರದ ಕಡೆ. ಐದು ಗುಂಟೆ ಜಾಗ, ಹಂಚಿನ ಮನಿ, ಬಾವಿ, ಒಂಬತ್ತು ತೆಂಗಿನ ಗಿಡ. ಅಂಗಳದಾಗ ನಿಂತ್ರ ಸಮುದ್ರ ಕಾಣಸ್ತದ."

ಬಾಗಲಕೋಟೆಯ ನವನಗರದಲ್ಲಿ ನಾವಿರುವ ಕಡೆ ಅಷ್ಟು ದುಡ್ಡಿಗೆ ಈಗ ಖಾಲಿ ಸೈಟೂ ಸಿಗುವುದಿಲ್ಲ. ಅದಕ್ಕೇ ನನಗೆ ಮೊದಲು ಬಂದದ್ದು ಅನುಮಾನ. ಇಷ್ಟು ಸೋವಿ ಯಾಕೆ?

ಮನೆಯವರು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಅದರಲ್ಲಿ ಏಳೆಂಟು ವರ್ಷ ಕರಾವಳಿ ರೂಟು. ಹುಬ್ಬಳ್ಳಿ, ಶಿರಸಿ, ಆಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ. ರಾತ್ರಿ ಅಲ್ಲೇ ಹಾಲ್ಟ್. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಯಾರದೋ ಸೈಕಲ್ ತಗೊಂಡು ಹೋಗಿ ಸಮುದ್ರ ನೋಡಿ ಬರುತ್ತಿದ್ದರಂತೆ. ಈ ಮಾತನ್ನು ಅವರು ನನಗೆ ಹೇಳಿದ್ದು ಈ ವರ್ಷ. ಇಷ್ಟು ವರ್ಷ ಒಟ್ಟಿಗೆ ಸಂಸಾರ ಮಾಡಿದರೂ ಅವರ ಮನಸ್ಸಿನಲ್ಲಿ ಇಂಥದ್ದೊಂದು ಆಸೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬ್ಯಾಡ ಅನ್ನಲು ಬಾಯಿ ಬರಲಿಲ್ಲ.

ನಾನು ಸರ್ಕಾರಿ ಪ್ರೈಮರಿ ಶಾಲೆಯ ಟೀಚರ್. ಈ ಮೇ 31ಕ್ಕೆ ರಿಟೈರ್ ಆಗುತ್ತೇನೆ. ಮಗ ಬೆಂಗಳೂರಿನಲ್ಲಿ, ಮಗಳು ವಿಜಯಪುರದಲ್ಲಿ. ಇಲ್ಲಿಯ ಬೇಸಿಗೆ ನಿಮಗೆ ಗೊತ್ತೇ ಇದೆ. 40 ದಾಟಿದ ಮೇಲೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಮನೆಯವರಿಗೆ ಹಾರ್ಟಿನಲ್ಲಿ ಎರಡು ಸ್ಟೆಂಟ್ ಹಾಕಿದ್ದಾರೆ. ಬಿಸಿಲು ಅವರಿಗೆ ಆಗುವುದಿಲ್ಲ. ಹಾಗಾಗಿ ಹೋಗಿ ನೋಡುವುದರಲ್ಲಿ ತಪ್ಪೇನಿಲ್ಲ ಅನಿಸಿತು.

ಜನವರಿಯಲ್ಲಿ ಮೊದಲ ಸಲ ಹೋದಾಗ ಎಲ್ಲವೂ ಚೆಂದ ಕಂಡಿತು. ಅದನ್ನು ಬರೆಯುವುದಿಲ್ಲ. ಜನವರಿಯಲ್ಲಿ ಯಾವ ಸಮುದ್ರವೂ ಚೆಂದವೇ.

ಬರೆಯಬೇಕಾದ್ದು ಈ ಮೇ ತಿಂಗಳ ಮೊದಲ ವಾರದ ಬಗ್ಗೆ. ಆ ಮನೆ ಮಾರಲು ಹೊರಟಿರುವ ಅಮ್ಮ ಎರಡು ರಾತ್ರಿ ತಮ್ಮಲ್ಲೇ ಇರಲು ಹೇಳಿದರು. ಎಪ್ಪತ್ತೈದರ ಆಸುಪಾಸು ಅವರಿಗೆ. ಗಂಡ ತೀರಿಕೊಂಡಿದ್ದಾರೆ, ಮಗ ಗೋವಾದಲ್ಲಿ ಕೆಲಸದಲ್ಲಿದ್ದಾನೆ. ನಾನು ಟೀಚರ್ ಅಂತ ಗೊತ್ತಾದ ಮೇಲೆ ನನ್ನನ್ನು "ಅಕ್ಕೋರೆ" ಅಂತಲೇ ಕರೆದರು. ನಮ್ಮ ಕಡೆಯೂ ಹಾಗೇ ಅಲ್ವಾ? ಘಟ್ಟದ ಕೆಳಗೂ ಅದೇ ಮಾತು ಕೇಳಿ ಮನಸ್ಸು ಹಗುರಾಯಿತು.

ನಾನು ಮನೆಯಿಂದ ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಬಿಳಿ ಅರಿವೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ. ನಮ್ಮಲ್ಲಿ ಅವು ತಿಂಗಳುಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ. ಅಲ್ಲಿ ರಾತ್ರಿ ಉಂಡಾದ ಮೇಲೆ ಡಬ್ಬಿ ಮುಚ್ಚಲು ಮರೆತೆ. ಬೆಳಿಗ್ಗೆ ಒಂದು ರೊಟ್ಟಿ ಎತ್ತಿ ಮುರಿಯಲು ಹೋದರೆ ಸಪ್ಪಳವೇ ಇಲ್ಲ. ಬಾಗಿತು, ಮುರಿಯಲಿಲ್ಲ. ತೊಯ್ದ ರಟ್ಟಿನ ಹಾಗೆ ಕೈಯಲ್ಲಿ ಜೋತು ಬಿತ್ತು. ಕೆಳಗಿನ ಎಂಟೂ ಹಾಗೇ. ಒಲೆಯ ಮೇಲೆ ಹಂಚು ಇಟ್ಟು ಒಂದೊಂದನ್ನೇ ಕಾಯಿಸಿದೆ. ಕಾಯಿಸಿದ್ದು ಹತ್ತು ನಿಮಿಷ ಖಡಕ್ ಇತ್ತು, ಆಮೇಲೆ ಮತ್ತೆ ಮೆತ್ತಗೆ.

ಸಣ್ಣ ವಿಷಯ ಅನ್ನಬಹುದು. ನನಗೆ ಅದು ಸಣ್ಣದಲ್ಲ. ನಮ್ಮ ಅಡುಗೆಮನೆ ನಿಂತಿರುವುದೇ ಒಣ ಗಾಳಿಯ ಮೇಲೆ. ರೊಟ್ಟಿ, ಸಂಡಿಗೆ, ಹಪ್ಪಳ, ಮಾಳಿಗೆ ಮೇಲೆ ಹರವಿದ ಮೆಣಸಿನಕಾಯಿ, ಶೇಂಗಾ ಚಟ್ನಿ. ಬಾಗಲಕೋಟೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಒಳ್ಳೆಯ ವರ್ಷ ಅಂತೀವಿ. ಆ ಕಡಲ ದಂಡೆಯಲ್ಲಿ 3000ಕ್ಕಿಂತ ಜಾಸ್ತಿ ಬೀಳುತ್ತದೆ, ಅದೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ತಿಂಗಳಲ್ಲೇ ರೊಟ್ಟಿ ಹೀಗಾದರೆ ಜುಲೈನಲ್ಲಿ ಟ್ರಂಕಿನೊಳಗಿನ ಇಳಕಲ್ ಸೀರೆಗಳ ಗತಿ ಏನು?

ಆಮೇಲೆ ಮನೆಯನ್ನು ಸರಿಯಾಗಿ ನೋಡಿದೆವು. ಗೋಡೆ ಚಿರೆಕಲ್ಲಿನದು, ಗಟ್ಟಿ ಇದೆ. ಮಾಡಿನ ಮರ ಎರಡು ಕಡೆ ಹುಳ ತಿಂದಿದೆ. ಪಡುವಣ ಕಿಟಕಿಯ ಚಿಲಕ ಎಳೆದರೆ ಅದರ ತುದಿ ನನ್ನ ಬೆರಳಲ್ಲೇ ಪುಡಿಯಾಗಿ ಉದುರಿತು, ಕೆಂಪು ಕುಂಕುಮದ ಹಾಗೆ. ಬಚ್ಚಲಿಗೆ ಆಮೇಲೆ ಹಾಕಿದ ಸ್ಲ್ಯಾಬು ಅಡಿಯಿಂದ ಸಿಡಿದಿತ್ತು. ನಮ್ಮ ಪರಿಚಯದ ಗೌಂಡಿಗೆ ಫೋಟೋ ಕಳಿಸಿದೆ. ಅವನು ಫೋನ್ ಮಾಡಿ ಹೇಳಿದ: ಉಪ್ಪು ಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸಳಿ ಉಬ್ಬುತ್ತದೆ, ಉಬ್ಬಿದ ಮೇಲೆ ಕಾಂಕ್ರೀಟನ್ನು ಒಡೆದುಕೊಂಡೇ ಹೊರಗೆ ಬರುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಪ್ರಯೋಜನ ಇಲ್ಲ, ಕೆಡವಿ ಹಾಕಬೇಕು. ರಿಪೇರಿಗೆ ಕಡಿಮೆ ಅಂದರೂ ನಾಲ್ಕು ಲಕ್ಷ ಅಂದ. 13 ಲಕ್ಷ ಅಲ್ಲೇ 17 ಆಯಿತು.

ಬಾವಿ ನೀರು ಜನವರಿಯಲ್ಲಿ ಸಿಹಿ ಇತ್ತು. ಈಗ ತೊಗರಿ ಬೇಳೆ ಇಟ್ಟು ನೋಡಿದೆ. ಒಂದು ತಾಸು ಕುದಿಸಿದರೂ ಬೇಳೆ ಬೇಳೆಯಾಗೇ ಉಳಿಯಿತು. ಸವಳು ನೀರು. ಸವಳು ನಮಗೆ ಹೊಸದಲ್ಲ, ಕಾಲುವೆ ನೀರು ಜಾಸ್ತಿಯಾಗಿ ನಮ್ಮ ಕಡೆ ಎಷ್ಟೋ ಎರೆ ಹೊಲ ಸವಳಾಗಿವೆ. ಅಲ್ಲಿ ಬಾವಿಯೊಳಗೇ ಸಮುದ್ರ ಬರುತ್ತದೆ. ಮಳೆ ನೀರು ಇಳಿದು ಕಡಿಮೆಯಾದ ಹಾಗೆ ಉಪ್ಪು ನೀರು ಒಳಗೆ ಸರಿಯುತ್ತದೆ. ಮಳೆ ಶುರುವಾದ ಮೇಲೆ ಮತ್ತೆ ಸಿಹಿಯಾಗುತ್ತದೆ ಅಂತ ಅಮ್ಮ ಹೇಳಿದರು. ಅಲ್ಲಿಯವರೆಗೆ ಕುಡಿಯುವ ನೀರು ನಳದ್ದು, ಅದೂ ದಿನ ಬಿಟ್ಟು ದಿನ.

ಎರಡನೆಯ ದಿನ ಸಂಜೆ ಅಂಗಳದಲ್ಲಿ ಕೂತಿದ್ದೆವು. ನಾನು ಅಂಗಳದ ಅಂಚಿನಿಂದ ನೀರಿನ ತನಕ ಹೆಜ್ಜೆ ಎಣಿಸಿ ಬಂದಿದ್ದೆ. 90 ಹೆಜ್ಜೆ. ಸಮುದ್ರಕ್ಕೂ ಮನೆಗೂ ನಡುವೆ ಒಂದು ಸಾಲು ಕರಿಕಲ್ಲು ಹಾಕಿದ್ದಾರೆ, ಕಡಲ್ಕೊರೆತಕ್ಕೆ ತಡೆ ಅಂತ. ಅಮ್ಮ ಕೈ ಎತ್ತಿ ಕಲ್ಲುಗಳ ಆಚೆ ತೋರಿಸಿದರು, ತೆರೆ ಒಡೆಯುತ್ತಿದ್ದ ಜಾಗವನ್ನು.

"ಅಲ್ಲಿ ಎರಡು ಸಾಲು ತೆಂಗಿನ ಮರ ಇತ್ತು ಅಕ್ಕೋರೆ. ನಾನು ಮದುವೆಯಾಗಿ ಬಂದಾಗ ಅದರ ನೆರಳಲ್ಲೇ ಬಲೆ ಒಣಗಿಸ್ತಿದ್ರು."

ಅವರ ಕೈ ನೋಡಿ ನನಗೆ ನನ್ನ ಅವ್ವ ನೆನಪಾದಳು.

ನಾನು ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ, 1966ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ, 1964ರಲ್ಲಿ, ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದರು. ಅಂದರೆ ನಾನು ಹುಟ್ಟುವಾಗಲೇ ನಮ್ಮ ಮನೆ ಮುಳುಗಡೆ ಲೆಕ್ಕದಲ್ಲಿತ್ತು. ಬಾಲ್ಯವೆಲ್ಲ ಒಂದೇ ಮಾತು, ಇನ್ನೇನು ಮುಳುಗತದ, ಇನ್ನೇನು ಮುಳುಗತದ. ಅಪ್ಪ ಸುಣ್ಣ ಬಿಟ್ಟರೆ ಆ ಮನೆಗೆ ಬೇರೆ ಏನೂ ಮಾಡಿಸಲಿಲ್ಲ. ಮುಳುಗುವ ಮನೆಗೆ ಯಾರು ದುಡ್ಡು ಹಾಕುತ್ತಾರೆ? ಮಾಳಿಗೆ ಸೋರುವುದು, ಅವ್ವ ಕೆಳಗೆ ಕೊಡಪಾನ ಇಡುವುದು. ಮೂವತ್ತೈದು ವರ್ಷ ಹಾಗೇ ಕಳೆದರು.

ಕೊನೆಗೆ ನೋಟೀಸು ಬಂತು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು, ವಾರಸಾ ಆಗಿರಲಿಲ್ಲ. ಒಂದು ಉತಾರಕ್ಕಾಗಿ, ಅಂದರೆ ಆಸ್ತಿ ದಾಖಲೆಯ ಪ್ರತಿಗಾಗಿ, ಅಪ್ಪ ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಿದ್ದಾರೋ ಲೆಕ್ಕ ಇಲ್ಲ. ಪರಿಹಾರದ ದುಡ್ಡು ಕೈಗೆ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಮನೆಯ ಬಾಗಿಲು, ತೊಲೆ ಕಿತ್ತುಕೊಂಡು ಬಂದೆವು. ತಲೆಬಾಗಿಲು ಈಗ ತಮ್ಮನ ಮನೆಯಲ್ಲಿದೆ. ಆಮೇಲೆ ಘಟಪ್ರಭೆಯಲ್ಲಿ ಹಿನ್ನೀರು ತುಂಬಿದ ವರ್ಷ ಅವ್ವನನ್ನು ನೋಡಲು ಕರೆದುಕೊಂಡು ಹೋಗಿದ್ದೆ. ದಂಡೆಯ ಮೇಲೆ ನಿಂತು ಅವಳು ಕೈ ಎತ್ತಿ ನೀರಿನ ಕಡೆ ತೋರಿಸಿದ್ದಳು. "ಅಲ್ಲೇ ನೋಡವ್ವ, ಒರಳಕಲ್ಲು ಇತ್ತು."

ಆಣೆಕಟ್ಟನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇಲ್ಲಿ ಇನ್ನೂ ಮುಗಿದಿಲ್ಲ. ಅದು ಮುಗಿಯದೇ ಇರುವಾಗ ನಾನೇ ಎದ್ದು ಹೋಗಿ ಇನ್ನೊಂದು ನೀರಿನ ದಂಡೆ ಹಿಡಿಯಬೇಕಾ? ಆ ರಾತ್ರಿ ಮನೆಯವರಿಗೆ ಇದನ್ನೇ ಕೇಳಿದೆ. ಅವರು ಬಹಳ ಹೊತ್ತು ಸುಮ್ನೆ ಇದ್ದರು. ಹೊರಗೆ ತೆರೆಯ ಸಪ್ಪಳ. "ಇದರ ಸಪ್ಪಳ ಕೇಳ್ಕೊಂಡು ಮಲಗಿದ್ರ ನನಗ ನಿದ್ದಿ ಬರ್ತದ" ಅಂದರು. ಹೌದು, ಸ್ಟೆಂಟ್ ಹಾಕಿದ ಮೇಲೆ ಅವರು ಅಷ್ಟು ಚೆನ್ನಾಗಿ ಮಲಗಿದ್ದನ್ನು ನಾನು ನೋಡಿದ್ದು ಆ ಎರಡು ರಾತ್ರಿ ಮಾತ್ರ. ಅದನ್ನೂ ತಕ್ಕಡಿಗೆ ಹಾಕಬೇಕು, ಅಲ್ವಾ?

ಇನ್ನು ಕಾಗದ ಪತ್ರ. ಅಪ್ಪನ ಕಥೆ ನೋಡಿದವಳಾಗಿ ನಾನು ಅದನ್ನು ಮೊದಲೇ ಕೇಳಿದೆ. ಮನೆ ಅಮ್ಮನ ಮಾವನ ಹೆಸರಿನಲ್ಲಿದೆ. ನಾಲ್ಕು ಪಾಲು, ಅದರಲ್ಲಿ ಒಬ್ಬರು ಮುಂಬೈಯಲ್ಲಿ, ಮಾತಿಲ್ಲ ಕಥೆಯಿಲ್ಲ. ಅವರೆಲ್ಲರ ಸಹಿ ಇಲ್ಲದೆ ಖರೀದಿ ಮಾಡಿದರೆ ನಾಳೆ ಕೋರ್ಟೇ ಗತಿ. ಮೇಲಾಗಿ ಆ ಜಾಗ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಒಳಗೆ ಬರುತ್ತದೆ. ಕರಾವಳಿಗೆ ಈ ಕಟ್ಟಳೆ ಬಂದದ್ದು 1991ರಲ್ಲಿ, ಆಮೇಲೆ 2011ರಲ್ಲಿ ಮತ್ತು 2019ರಲ್ಲಿ ಬದಲಾಗಿದೆ. ಹಳ್ಳಿಗಳ ಕಡೆ ಭರತದ (ಸಮುದ್ರದ ಉಬ್ಬರದ) ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ, ಜನ ಬಹಳ ದಟ್ಟವಾಗಿರುವ ಊರುಗಳಿಗೆ ಮಾತ್ರ ಈಗ ಅದು 50 ಮೀಟರ್. ಅಧಿಕೃತವಾಗಿ ಕಟ್ಟಿದ ಹಳೆ ಮನೆಯನ್ನು ಇದ್ದ ಅಳತೆಯಲ್ಲೇ ರಿಪೇರಿ ಮಾಡಬಹುದು. ಅಂದರೆ ಮುಂದೆ ಮಗ ಬಂದು ಒಂದು ಕೋಣೆ ಹೆಚ್ಚಿಗೆ ಕಟ್ಟುತ್ತೇನೆ ಅಂದರೂ ಆಗದು. ಸೋವಿ ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿತು.

ದಲಾಲಿ ಇನ್ನೊಂದು ಜಾಗ ತೋರಿಸಿದ. ಗುಡ್ಡದ ಬುಡದಲ್ಲಿ, ಎಂಟೇ ಲಕ್ಷ. "ಜಿಪಿಎಸ್ ಆಗಿದೆ, ತೊಂದರೆ ಇಲ್ಲ" ಅಂದ. ಅಂದರೆ ಅದು ಅರಣ್ಯ ಅತಿಕ್ರಮಣದ ಜಾಗ, ಅಳತೆ ಆಗಿದೆ ಅಷ್ಟೇ, ಪಟ್ಟಾ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರುವಂತಿಲ್ಲ. ದಯವಿಟ್ಟು ನಮ್ಮ ಕಡೆಯಿಂದ ಅಲ್ಲಿ ಜಾಗ ನೋಡಲು ಹೋಗುವವರು ಇದೊಂದನ್ನು ತಿಳಿದುಕೊಂಡು ಹೋಗಿ. ರಿಟೈರ್‌ಮೆಂಟ್ ದುಡ್ಡು ಮತ್ತೆ ಹುಟ್ಟುವುದಿಲ್ಲ.

ಆಸ್ಪತ್ರೆಯದು ಇನ್ನೊಂದು ಚಿಂತೆ. ನವನಗರದಲ್ಲಿ ಆಟೋ ಹತ್ತಿದರೆ ಹತ್ತು ನಿಮಿಷಕ್ಕೆ ಮೆಡಿಕಲ್ ಕಾಲೇಜು ಆಸ್ಪತ್ರೆ. ಅಲ್ಲಿಯ ಜನ ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಮಣಿಪಾಲ ಅಂದರೂ 100 ಕಿಲೋಮೀಟರ್ ಮೇಲೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಇತ್ತು ಅನ್ನುವುದು ನೆನಪಿದೆ. ರಸ್ತೆ ಪಕ್ಕದಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಅಂಥ ದಿನ ಇವರಿಗೆ ಎದೆ ನೋವು ಬಂದರೆ? ಮಗಳದು ಬೇರೆಯೇ ಪ್ರಶ್ನೆ. "ಅವ್ವ, ವಿಜಯಪುರದಿಂದ ನಿಮ್ಮ ಮನಿಗೆ ಎರಡು ತಾಸು. ಅಲ್ಲಿಗೆ ಕೂಸಿನ್ನ ಕಟ್ಟಿಕೊಂಡು ಹೆಂಗ ಬರಲಿ?"

ಹೊರಡುವ ದಿನ ಇದನ್ನೆಲ್ಲ ಮನೆಯ ಅಮ್ಮನ ಮುಂದೆ ಬಿಚ್ಚಿ ಹೇಳಿದೆ. ಮಾರುವವರ ಮುಂದೆ ಹೀಗೆ ಹೇಳಬಾರದೇನೋ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಒಂದು ಮಳೆಗಾಲ ಇದ್ದು ನೋಡಿ ಅಕ್ಕೋರೆ. ಆಮೇಲೆ ದುಡ್ಡಿನ ಮಾತಾಡ್ವ. ಪಡುಬದಿಗೆ ತಟ್ಟಿ ಕಟ್ಟಿಸಿಕೊಡ್ತೆ."

ತಟ್ಟಿ ಅಂದರೆ ಹೆಣೆದ ತೆಂಗಿನ ಗರಿಯದು. ಅವರು ಅದಕ್ಕೆ ಮಡ್ಲು ಅನ್ನುತ್ತಾರೆ. ಮಳೆ ಗೋಡೆಗೆ ಹೊಡೆಯದ ಹಾಗೆ ಜೂನ್ ಬರುವ ಮುಂಚೆ ಕಟ್ಟಿಬಿಡುತ್ತಾರೆ.

ಮಾತು ಅಲ್ಲಿಗೆ ನಿಂತಿದೆ. ಖರೀದಿ ಈಗ ಇಲ್ಲ. ನಾಲ್ಕು ಪಾಲುದಾರರ ಸಹಿ ಆಗುವವರೆಗೆ ಒಂದು ರೂಪಾಯಿ ಮುಂಗಡವೂ ಇಲ್ಲ, ಅದನ್ನು ನಾನು ಖಡಾಖಂಡಿತ ಹೇಳಿದ್ದೇನೆ. ನವನಗರದ ಮನೆ ಮಾರುವುದಿಲ್ಲ, ಏನೇ ಆದರೂ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ತನಕ ಆ ಮನೆ ನಮಗೆ ಬಾಡಿಗೆಗೆ, ತಿಂಗಳಿಗೆ 4000. ಅಮ್ಮ ಗೋವಾಕ್ಕೆ ಮಗನ ಹತ್ತಿರ ಹೋಗುತ್ತಾರೆ. ಹೊರಡುವ ಮುಂಚೆ ಇವರ ಡಾಕ್ಟರನ್ನು ಕಂಡು ಮೂರು ತಿಂಗಳ ಗುಳಿಗೆ ತಗೊಳ್ಳಬೇಕು.

ಹಿಟ್ಟು ಒಯ್ದರೆ ಅಲ್ಲಿ ಮುಗ್ಗಲು ಹಿಡಿಯುತ್ತದೆ, ಅದಕ್ಕೆ ಕಾಳನ್ನೇ ಒಯ್ಯುತ್ತೇನೆ. ಮೂರು ತಿಂಗಳಿಗೆ 40 ಕಿಲೋ ಬಿಳಿಜೋಳ. ಅಲ್ಲಿಯ ಗಿರಣಿಯಲ್ಲಿ ಅಕ್ಕಿ ಬಿಟ್ಟು ಬೇರೆ ಬೀಸುತ್ತಾರೋ ಇಲ್ಲವೋ ಅಂತ ಫೋನಿನಲ್ಲಿ ಕೇಳಿದ್ದೆ. ಅಮ್ಮ ಖುದ್ದಾಗಿ ಹೋಗಿ ವಿಚಾರಿಸಿ ನಿನ್ನೆ ಸಂಜೆ ಫೋನ್ ಮಾಡಿದರು. ಗಿರಣಿಯವನು ಜೋಳ ಇದುವರೆಗೆ ಬೀಸಿಲ್ಲವಂತೆ. ಒಂದು ಸಲಕ್ಕೆ ಹತ್ತು ಕಿಲೋ ತಂದರೆ, ಅಕ್ಕಿ ಎಲ್ಲ ಮುಗಿದ ಮೇಲೆ, ಬೀಸಿ ಕೊಡುತ್ತಾನಂತೆ.