ಒಂದಕ್ಕೆ ಎಷ್ಟು ದಿನ ಹಿಡಿಯುತ್ತೆ?

ಮನೆಗೆ ಬಂದವರು ಮೊದಲು ಕೌದಿಯನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಮಗುಚಿ ಅದರ ಬೆನ್ನು ನೋಡುತ್ತಾರೆ. ಆಮೇಲೆ ಕೇಳಿಯೇ ಕೇಳುತ್ತಾರೆ: "ಅಲ್ರೀ, ಇದಕ್ಕೆ ಎಷ್ಟು ದಿನ ಹಿಡೀತು?"

ನಮ್ಮದು ಚಿಕ್ಕ ಊರು. ಬಟ್ಟೆಯನ್ನು ಕತ್ತರಿಸಿ ಚೂರು ಮಾಡಿ, ಮತ್ತೆ ಅದೇ ಚೂರುಗಳನ್ನು ಕೂಡಿಸಿ ಹೊಲಿಯುವ ಹುಚ್ಚು ಇಲ್ಲಿ ಇರುವುದು ನನಗೊಬ್ಬಳಿಗೇ. ಹಾಗಾಗಿ ಪ್ರಶ್ನೆಯೂ ನನಗೊಬ್ಬಳಿಗೇ ಬರುತ್ತದೆ. ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಬಹಳ ವರ್ಷ "ಒಂದು ತಿಂಗಳು" ಅಂತ ಸುಳ್ಳು ಹೇಳಿಕೊಂಡು ಬಂದೆ. ಕಡಿಮೆ ಹೇಳಿದರೆ "ಇಷ್ಟೇನಾ?" ಅನ್ನುತ್ತಾರೆ. ಜಾಸ್ತಿ ಹೇಳಿದರೆ "ಬೇರೆ ಕೆಲಸ ಇಲ್ವಾ?" ಅನ್ನುತ್ತಾರೆ. ಒಂದು ತಿಂಗಳು ಅಂದರೆ ಇಬ್ಬರೂ ಸುಮ್ಮನಾಗುತ್ತಾರೆ.

ಕಳೆದ ಕೌದಿಗೆ ಮಾತ್ರ ಒಂದು ನೋಟ್‌ಬುಕ್ ಇಟ್ಟೆ. ಕೂತಾಗಲೆಲ್ಲ ಹೊತ್ತು ಬರೆದೆ. 60 ಇಂಚು ಅಗಲ, 80 ಇಂಚು ಉದ್ದ, ಒಬ್ಬರು ಹೊದೆಯುವಷ್ಟು. ಐದೈದು ಇಂಚಿನ ಚೌಕ, ಅಡ್ಡಕ್ಕೆ 12, ಉದ್ದಕ್ಕೆ 16, ಒಟ್ಟು 192. ಮುಗಿದ ಮೇಲೆ ಕೂಡಿಸಿ ನೋಡಿದರೆ 77 ಗಂಟೆ. ಕ್ಯಾಲೆಂಡರ್ ನೋಡಿದರೆ ಏಳು ತಿಂಗಳು. ಎರಡೂ ನಿಜ. ನಡುವಿನ ದಿನಗಳೆಲ್ಲ ಎಲ್ಲಿ ಹೋದವು ಅನ್ನುವುದನ್ನು ಹೇಳುತ್ತೇನೆ, ಕೇಳಿ.

77ರಲ್ಲಿ 48 ಗಂಟೆ ತಿಂದದ್ದು ಕೈ ಹೊಲಿಗೆ. ಕೌದಿಗೆ ಮೂರು ಪದರ. ಮೇಲೆ ಚೌಕಗಳ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಈ ಮೂರನ್ನೂ ಸೇರಿಸಿ ಹಿಡಿಯುವ ಸಣ್ಣ ಸಣ್ಣ ಹೊಲಿಗೆ ಇರುತ್ತದಲ್ಲ, ಅದೇ ನಿಜವಾದ ಕೌದಿ ಕೆಲಸ. ಅಂದಕ್ಕೆ ಮಾತ್ರ ಹಾಕುವುದಲ್ಲ ಅದು. ಹೊಲಿಗೆ ದೂರ ದೂರ ಇದ್ದರೆ ಎರಡು ಸಲ ಒಗೆಯುವಷ್ಟರಲ್ಲಿ ಹತ್ತಿ ಒಂದು ಮೂಲೆಗೆ ಹೋಗಿ ಗಂಟು ಕಟ್ಟುತ್ತದೆ. ನಾನು ಪ್ರತಿ ಚೌಕದ ಒಳಗೆ, ಅಂಚಿನಿಂದ ಕಾಲಿಂಚು ಬಿಟ್ಟು, ಇನ್ನೊಂದು ಚೌಕದ ಹಾಗೆ ಸುತ್ತ ಹೊಲಿಯುತ್ತೇನೆ. ಒಂದು ಚೌಕಕ್ಕೆ 18 ಇಂಚು ದಾರಿ. ಇಂಚಿಗೆ ಆರು ಹೊಲಿಗೆ ಬಿದ್ದರೆ ನನಗೆ ಸಮಾಧಾನ. ಅಂದರೆ ಚೌಕಕ್ಕೆ ನೂರೆಂಟು, ಇಡೀ ಕೌದಿಗೆ 20,000ಕ್ಕೂ ಮೇಲೆ. ಜಪ ಮಾಡಿದ್ದರೆ ಇಷ್ಟರಲ್ಲಿ ಏನಾದರೂ ಸಿದ್ಧಿಸುತ್ತಿತ್ತೋ ಏನೋ.

ಒಂದು ಚೌಕಕ್ಕೆ ಕಾಲು ಗಂಟೆ. ಸೂಜಿ ಗಿಡ್ಡದಾಗಿರಬೇಕು. ಉದ್ದ ಸೂಜಿ ಬಾಗುತ್ತದೆ, ಹೊಲಿಗೆಯೂ ದೊಡ್ಡದಾಗುತ್ತದೆ. ಬಲಗೈ ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಂಡು ಸೂಜಿಯ ಹಿಂಬದಿಯನ್ನು ಒತ್ತಬೇಕು. ಎಡಗೈ ಬೆರಳು ಬಟ್ಟೆಯ ಕೆಳಗಿದ್ದು, ಮೊನೆ ತಾಗಿದ ಕೂಡಲೇ ಮೇಲಕ್ಕೆ ತಳ್ಳಬೇಕು. ಹೀಗೆ ಮೇಲೆ ಕೆಳಗೆ ತೂಗಿಸುತ್ತಾ ಮೂರ್ನಾಲ್ಕು ಹೊಲಿಗೆ ಸೂಜಿಯ ಮೇಲೆ ತುಂಬಿದ ಮೇಲೆ ಒಮ್ಮೆಗೇ ದಾರ ಎಳೆಯುವುದು. ಮೊದಲ ವರ್ಷ ಎಡಗೈ ತೋರುಬೆರಳು ತೂತು ತೂತಾಗಿತ್ತು. ಈಗ ಅಲ್ಲಿ ಚರ್ಮ ಗಟ್ಟಿಯಾಗಿದೆ. ನಾಲ್ಕು ವಾರ ಸೂಜಿ ಮುಟ್ಟದಿದ್ದರೆ ಮತ್ತೆ ಮೆತ್ತಗಾಗಿ, ಮತ್ತೆ ಮೊದಲಿನಿಂದ ಚುಚ್ಚಿಸಿಕೊಳ್ಳಬೇಕು.

ಉಳಿದ 29 ಗಂಟೆಯಲ್ಲಿ ಕತ್ತರಿಸುವುದಕ್ಕೆ ಹೋದದ್ದು ಐದು. ಹಿಂದೆ ಎಲ್ಲರೂ ಕತ್ತರಿಯಲ್ಲೇ ಕತ್ತರಿಸುತ್ತಿದ್ದರು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಗಾಲಿಯ ಹಾಗೆ ಉರುಳುವ ಕಟ್ಟರ್ ತಂದಿತು. ಬಟ್ಟೆಯ ಮೇಲೆ ಸ್ಕೇಲ್ ಒತ್ತಿ ಹಿಡಿದು ಒಮ್ಮೆ ಉರುಳಿಸಿದರೆ ನಾಲ್ಕು ಪದರ ನೆಟ್ಟಗೆ ಕತ್ತರಿಸಿ ಬರುತ್ತದೆ. ಬೆರಳೂ ಅಷ್ಟೇ ನೆಟ್ಟಗೆ ಕತ್ತರಿಸುತ್ತದೆ, ಹುಷಾರು.

ಚೌಕ ಐದಿಂಚು ಅಂದೆ. ಕತ್ತರಿಸುವುದು ಐದೂವರೆ ಇಂಚು. ನಾಲ್ಕೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಈ ಕಾಲಿಂಚೇ ಎಲ್ಲ ಜಗಳದ ಮೂಲ. ನೀವು ಒಂದೇ ಒಂದು ಮಿಲಿಮೀಟರ್ ಜಾಸ್ತಿ ಒಳಗೆ ಹೊಲಿದಿರಿ ಅಂತ ಇಟ್ಟುಕೊಳ್ಳಿ. ಕೂಡಿದ ಜಾಗದಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು, ಎರಡು ಮಿಲಿಮೀಟರ್ ಹೋಯಿತು. ಒಂದು ಸಾಲಿನಲ್ಲಿ ಹನ್ನೊಂದು ಜೋಡಣೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ 22 ಮಿಲಿಮೀಟರ್ ಕಡಿಮೆ. ಮೇಲಿನ ಸಾಲು ಸರಿಯಾಗಿದ್ದು ಕೆಳಗಿನದು ಹೀಗಾಗಿದ್ದರೆ ಎರಡನ್ನೂ ಬ್ರಹ್ಮ ಬಂದರೂ ಕೂಡಿಸಲಾರ. ನನ್ನ ಮೊದಲ ಕೌದಿ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಕಾಲಿನ ಕಡೆ ಯಾವುದು, ತಲೆಯ ಕಡೆ ಯಾವುದು ಅಂತ ಗೊತ್ತಾಗಲಿ ಅಂತ ಹಾಗೆ ಮಾಡಿದ್ದು ಅಂತ ಹೇಳಿಕೊಂಡು ತಿರುಗಿದೆ.

ಚೌಕಗಳನ್ನು ಕೂಡಿಸುವುದು ಮಿಷನ್‌ನಲ್ಲಿ. ಏಳು ಗಂಟೆ. ಪ್ರತಿ ಜೋಡಿಗೂ ದಾರ ಕತ್ತರಿಸುತ್ತಾ ಕೂರಬಾರದು. ಒಂದರ ಹಿಂದೆ ಒಂದು ತಳ್ಳುತ್ತಾ ಹೋದರೆ ಎಲ್ಲ ಜೋಡಿಗಳೂ ತೋರಣದ ಹಾಗೆ ದಾರಕ್ಕೆ ನೇತಾಡುತ್ತಾ ಹಿಂದಿನಿಂದ ಇಳಿಯುತ್ತವೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಡುವ ಹೊತ್ತು ಅದು. ಇಸ್ತ್ರಿಗೆ ನಾಲ್ಕು ಗಂಟೆ. ಒಂದು ಸಾಲಿನ ಹೊಲಿಗೆಯ ಅಂಚನ್ನು ಬಲಕ್ಕೆ ಮಡಚಿ ಇಸ್ತ್ರಿ ಮಾಡಿದರೆ ಮುಂದಿನ ಸಾಲಿನದನ್ನು ಎಡಕ್ಕೆ. ಆಗ ಎರಡು ಸಾಲು ಕೂಡಿಸುವಾಗ ಅಂಚುಗಳು ಒಂದಕ್ಕೊಂದು ಒರಗಿ ಕೂತು, ನಾಲ್ಕು ಚೌಕ ಸೇರುವ ಮೂಲೆ ಸರಿಯಾಗಿ ಬರುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಎಳೆಯಬಾರದು, ಇಟ್ಟು ಎತ್ತಬೇಕು. ಎಳೆದರೆ ಚೌಕ ಸೊಟ್ಟಗಾಗುತ್ತದೆ.

ಬಟ್ಟೆ ಒಗೆದು ಸಿದ್ಧ ಮಾಡುವುದಕ್ಕೆ ಎರಡು ಗಂಟೆ. ಮೂರು ಪದರ ಹಾಸಿ ಪಿನ್ ಹಾಕುವುದಕ್ಕೆ ಮೂರು. ಸುತ್ತಲಿನ ಅಂಚುಪಟ್ಟಿಗೆ ಐದು. ಬಿಚ್ಚುವುದಕ್ಕೆ ಮೂರು.

ಹೌದು, ಬಿಚ್ಚುವುದಕ್ಕೆ. ಹೊಲಿದದ್ದನ್ನು ಬಿಚ್ಚುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿಯಬಾರದು ಅಂತಲೇ ಇದ್ದೆ. ಆದರೆ ನೋಟ್‌ಬುಕ್ ಇಟ್ಟ ಮೇಲೆ ಅದಕ್ಕೆ ಮೋಸ ಮಾಡುವುದು ಹೇಗೆ?

ಇನ್ನು ಏಳು ತಿಂಗಳ ವಿಷಯ.

ಮೊದಲನೆಯದು, ಚೌಕಗಳನ್ನು ಜೋಡಿಸಿ ನೋಡುವುದು. 192 ಚೌಕ ನೆಲದ ಮೇಲೆ ಹಾಸಿಟ್ಟು ಒಂಬತ್ತು ದಿನ ನೋಡಿದೆ. ಮನೆಯವರೆಲ್ಲ ಗೋಡೆಗೆ ಒತ್ತಿಕೊಂಡು ಓಡಾಡಿದರು. ಬಣ್ಣಕ್ಕಿಂತ ತಿಳಿ ಯಾವುದು, ಗಾಢ ಯಾವುದು ಅನ್ನುವುದು ಮುಖ್ಯ, ಅದು ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ನೀವು ಬೇರೆ ಬೇರೆ ಅಂದುಕೊಂಡ ಕೆಂಪು ಮತ್ತು ಹಸಿರು ಒಂದೇ ಬೂದಿ ಬಣ್ಣವಾಗಿ ಕಾಣುತ್ತವೆ. ನನಗೆ ಹಾಗೇ ಆಯಿತು. ಅರ್ಧ ನೆಲ ಎತ್ತಿ ಮತ್ತೆ ಹಾಸಿದೆ.

ಎರಡನೆಯದು, ಚಿಕ್ಕ ಊರಿನ ಕಷ್ಟ. ಬೇಕಾದ ಬಣ್ಣದ ದಾರ ಸಿಗುವುದಿಲ್ಲ. ಇದಕ್ಕೆ ನನ್ನ ಪರಿಹಾರ ತಿಳಿ ಬೂದಿ ದಾರ, ಅದು ಮುಕ್ಕಾಲು ಪಾಲು ಬಟ್ಟೆಗೆ ಹೊಂದಿಕೊಂಡುಬಿಡುತ್ತದೆ. ಹತ್ತಿಯ ಹಾಳೆ ಸಿಗದಿದ್ದರೆ ಹಳೆಯ ತೆಳು ಕಂಬಳಿಯನ್ನೋ, ಎರಡು ಹಳೆ ಹತ್ತಿ ಬೆಡ್‌ಶೀಟನ್ನೋ ನಡುವೆ ಹಾಕುತ್ತೇನೆ. ತೂಕ ಸ್ವಲ್ಪ ಜಾಸ್ತಿ, ಆದರೆ ಹತ್ತಿ ಜರುಗುವ ಭಯ ಇಲ್ಲ. ಅಸ್ತರಿಗೆ ಅಗಲದ ಬಟ್ಟೆ ಸಿಗಲಿಲ್ಲ ಅಂತ ಈ ಕೌದಿ ಆರು ವಾರ ಬೀರುವಿನಲ್ಲಿ ಮಲಗಿತ್ತು. ಕೊನೆಗೆ ಎರಡು ತುಂಡು ಕೂಡಿಸಿದೆ. ಆರು ವಾರ ಮೊದಲೇ ಕೂಡಿಸಬಹುದಿತ್ತು.

ಚಿಕ್ಕ ಊರಿನ ಸುಖವೂ ಇದೆ. ನೀವು ಬಟ್ಟೆ ಚೂರು ಕೂಡಿಸುತ್ತೀರಿ ಅಂತ ಗೊತ್ತಾದರೆ ಸಾಕು, ಬಾಗಿಲಿಗೆ ಚೀಲ ಬಂದು ಬೀಳುತ್ತದೆ. ಯಾರು ಇಟ್ಟರು ಅಂತ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಅದರಲ್ಲಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಅಂತ ಬೇರೆ ಮಾಡಬೇಕು. ಒಂದೆಳೆ ದಾರ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸುಡದೆ ಸೀದಾ ಇಸ್ತ್ರಿಗೆ ಇಟ್ಟರೆ ಆ ಮಣಿ ಇಸ್ತ್ರಿ ಪೆಟ್ಟಿಗೆಗೆ ಅಂಟುತ್ತದೆ, ಅನುಭವದ ಮಾತು. ಹಳೆ ಬಟ್ಟೆಯಲ್ಲಿ ಏನು ಮಾಡೋಕಾಗುತ್ತೆ ಅನ್ನುವವರಿಗೆ ನಾನು ಅಮೆರಿಕದ ಅಲಬಾಮಾದಲ್ಲಿರುವ ಜೀಸ್ ಬೆಂಡ್ ಎಂಬ ಪುಟ್ಟ ಊರಿನ ಕೌದಿಗಳ ಚಿತ್ರ ತೋರಿಸುತ್ತೇನೆ. ಅಲ್ಲಿನ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸದ ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದವು ಅವು. ಮೊಣಕಾಲಿನ ಜಾಗದ ಮಾಸಲು ಕೂಡ ಹಾಗೇ ಕಾಣುತ್ತದೆ. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆಗೆ ಏರಿದವು. ಅಳತೆ ಅಂಥ ನೆಟ್ಟಗೇನಿಲ್ಲ. ನೋಡುತ್ತಾ ನಿಂತರೆ ನನ್ನ ಕಾಲಿಂಚಿನ ಹಟ ನನಗೇ ನಗು ತರಿಸುತ್ತದೆ.

ಆದರೆ ಹಟ ಬಿಡಲಿಲ್ಲ. ಬಿಟ್ಟದ್ದು ಒಂದೇ ಸಲ, ಅದೂ ಅಳತೆಯಲ್ಲಲ್ಲ, ಒಗೆಯುವುದರಲ್ಲಿ. ಕಡುಗೆಂಪು ಬಟ್ಟೆಯೊಂದನ್ನು ಅವಸರದಲ್ಲಿ ಒಗೆಯದೆ ಸೇರಿಸಿದ್ದೆ. ಕೌದಿ ಮುಗಿದು ಮೊದಲ ಸಲ ನೀರಿಗೆ ಹಾಕಿದ ದಿನ ಪಕ್ಕದ ಬಿಳಿ ಚೌಕಗಳೆಲ್ಲ ಗುಲಾಬಿಯಾದವು. ಒಣಗಲು ಬಿಡದೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದೆ. ಸ್ವಲ್ಪ ಹೋಯಿತು, ಪೂರ್ತಿ ಹೋಗಲಿಲ್ಲ. ನೋಡಿದವರು "ಈ ಗುಲಾಬಿ ಎಷ್ಟು ಚೆನ್ನಾಗಿದೆ" ಅಂದರು. ನಾನು ಏನೂ ಹೇಳಲಿಲ್ಲ.

ಬೇಗ ಮಾಡುವ ದಾರಿ ಇಲ್ವಾ ಅಂದರೆ, ಇದೆ. ಮೂರೂ ಪದರವನ್ನು ಮಿಷನ್‌ನಲ್ಲೇ ಗೆರೆ ಗೆರೆಯಾಗಿ ಹೊಲಿದರೆ ಆ 48 ಗಂಟೆ ನಾಲ್ಕೈದು ದಿನದ ಸಂಜೆಗೆ ಇಳಿಯುತ್ತದೆ. ಅದಕ್ಕೂ ಬೇಗ ಬೇಕಾದರೆ ಅಲ್ಲಲ್ಲಿ ದಾರದ ಗಂಟು ಹಾಕಿ ಬಿಡಬಹುದು. ನನಗೆ ಹೊಟ್ಟೆಕಿಚ್ಚಾಗುವುದು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ಕಂಡಾಗ. ಅವರು ಮೊದಲು ಚೌಕ ಕೂಡಿಸಿ ಆಮೇಲೆ ಹಾಸುವುದಿಲ್ಲ. ಅಸ್ತರಿನ ಅಂಚಿನಿಂದಲೇ ಶುರು ಮಾಡಿ, ಸುತ್ತ ತುಂಡುಗಳನ್ನು ಇಡುತ್ತಾ, ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಕೂಡಿಸುವುದು, ಹೊದಿಸುವುದು, ಹೊಲಿಯುವುದು ಎಲ್ಲ ಒಂದೇ ಓಟದಲ್ಲಿ. ನಾನೂ ಒಂದು ದಿಂಬಿನಗಲ ಹಾಗೆ ಮಾಡಿ ನೋಡಿದೆ. ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಉಬ್ಬಿ ಗುಡ್ಡವಾಯಿತು. ಅಳತೆ ಪಟ್ಟಿ ಇಲ್ಲದೆ ಹೊಲಿಯುವುದಕ್ಕೆ ನನಗಿಲ್ಲದ ಕೈ ಬೇಕು.

ಇಷ್ಟು ಕೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ ನಿಮಗೂ ಗೊತ್ತಿರುತ್ತದೆ. "ನನಗೂ ಒಂದು ಮಾಡಿಕೊಡ್ತೀರಾ?" ಎಷ್ಟು ದಿನ ಅಂತ ಕೇಳುವವರಲ್ಲಿ ಅರ್ಧ ಜನ ಕೇಳುವುದೇ ಇದಕ್ಕೋಸ್ಕರ. ದುಡ್ಡು ಕೊಡ್ತೀನಿ ಅನ್ನುವವರೂ ಇದ್ದಾರೆ. ಅವರಿಗೆ ನಾನು 77 ಅಂಕಿ ಕೊಟ್ಟು, ಗಂಟೆಗೆ ಎಷ್ಟು ಅಂತ ನೀವೇ ಹಾಕಿ ಅನ್ನುತ್ತೇನೆ. ಮುಖದಲ್ಲಿ ಗುಣಾಕಾರ ನಡೆಯುವುದು ಕಾಣುತ್ತದೆ. ದುಡ್ಡು ತೆಗೆದುಕೊಂಡರೆ ದಿನಾಂಕ ಕೊಡಬೇಕು. ದಿನಾಂಕ ಕೊಟ್ಟರೆ ಬೆಳಗ್ಗೆ ಎದ್ದು ಕಾಫಿಗೆ ಮುಂಚೆ ಒಂದು ಚೌಕ ಹೊಲಿಯುವ ನನ್ನ ಕಾಲು ಗಂಟೆ ಕೆಲಸವಾಗಿಬಿಡುತ್ತದೆ. ಅದು ಬೇಡ. ಕೆಲವು ಮಕ್ಕಳಿಗೆ ಸುಮ್ನೆ ಮಾಡಿಕೊಟ್ಟಿದ್ದೇನೆ, ಕೇಳದವರಿಗೆ ಕೊಟ್ಟಿದ್ದೇನೆ. ಕೇಳಿದವರಿಗೆ ಹೇಳುವುದು ಒಂದೇ: ಬಟ್ಟೆ ತನ್ನಿ, ಹೇಳಿಕೊಡ್ತೀನಿ.

ಹಾಗೆ ಈವರೆಗೆ ಮೂವರು ಬಂದರು. ಒಬ್ಬರು ನಾಲ್ಕು ಚೌಕ ಕೂಡಿಸಿ ಅದನ್ನೇ ಮೇಜಿನ ಮೇಲೆ ಹಾಸುತ್ತೇನೆ ಅಂತ ತೆಗೆದುಕೊಂಡು ಹೋದರು. ಒಬ್ಬರು ಬಟ್ಟೆ ಬಿಟ್ಟು ಹೋದವರು ಮತ್ತೆ ಬರಲೇ ಇಲ್ಲ. ಮೂರನೆಯವರು ಭಾನುವಾರ ಭಾನುವಾರ ಬರುತ್ತಾರೆ, ಬಾಯಲ್ಲಿ ಪಿನ್ ಕಚ್ಚಿಕೊಂಡು ಮಾತಾಡುತ್ತಾರೆ, ಎಷ್ಟು ಬೈದರೂ ಬಿಡುವುದಿಲ್ಲ. ಎಷ್ಟು ದಿನ ಹಿಡಿಯುತ್ತೆ ಅಂತ ಅವರೂ ಮೊದಲು ಕೇಳಿದ್ದರು. ಈಗ ಕೇಳುವುದಿಲ್ಲ.

ಹೊಸದೊಂದು ನೆಲದ ಮೇಲೆ ಹಾಸಿದೆ. ಎಡಗಡೆಯ ಮೂರನೇ ಸಾಲಿನಲ್ಲಿ ಒಂದು ಕಂದು ಚೌಕ ಎಲ್ಲಿಟ್ಟರೂ ಕೂರುತ್ತಿಲ್ಲ. ನೋಡಿದ ಹೊತ್ತನ್ನು ಗಂಟೆಗೆ ಸೇರಿಸುವ ಅಭ್ಯಾಸ ಇಲ್ಲ. ಹಾಗಾಗಿ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಸದ್ಯಕ್ಕೆ ಇಷ್ಟೇ ಇದೆ: ಹೊಲಿಗೆ, 0 ಗಂಟೆ. ದಿನ, 11.