ಕನ್ನಡ ಮೀಡಿಯಂ ಮಗು ಪ್ಲಸ್ ವನ್ ಸೈನ್ಸ್ ತೆಗೆದರೆ ಕಷ್ಟವಾ?

"ಟೀಚರೇ, ಮಗಳು ಎಂಟನೆಯಲ್ಲಿದ್ದಾಳೆ. ಕನ್ನಡ ಮೀಡಿಯಂ. ಮುಂದೆ ಪ್ಲಸ್ ವನ್‌ಗೆ ಸೈನ್ಸ್ ತೆಗೆದರೆ ಕಷ್ಟ ಆಗ್ಲಿಕ್ಕಿಲ್ವಾ? ಈಗಲೇ ಇಂಗ್ಲಿಷ್ ಮೀಡಿಯಂಗೆ ಹಾಕುವುದಾ?"

ಕೇರಳದ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಪ್ಲಸ್ ವನ್ (ಅಂದರೆ ಹನ್ನೊಂದನೇ ಕ್ಲಾಸು) ಮಕ್ಕಳಿಗೆ ಗಣಿತ ಹೇಳಿಕೊಡುವವರನ್ನು ಕಂಡರೆ ಜನ ಕೇಳುವುದೇ ಇದನ್ನು. ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಪಾಯಸ ಬರುವುದರೊಳಗೆ ಹೇಳಿ ಮುಗಿಯುವ ಉತ್ತರವಲ್ಲ ಇದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸೈನ್ಸ್ ತೆಗೆಯಬಹುದು. ಮೀಡಿಯಂ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಯಾರಿ ಮಾತ್ರ ಬೇಕು. ಆದರೆ ಹೆಚ್ಚಿನ ಅಪ್ಪ ಅಮ್ಮ ಹೆದರುವುದು ಒಂದಕ್ಕೆ, ಮಕ್ಕಳು ಎಡವುವುದು ಇನ್ನೊಂದಕ್ಕೆ.

ಹೆದರಿಕೆ ಇಂಗ್ಲಿಷಿನದು. ಹತ್ತರವರೆಗೆ ಎಲ್ಲ ಪಾಠಪುಸ್ತಕ ಕನ್ನಡದಲ್ಲಿ, ಪ್ಲಸ್ ವನ್‌ನಲ್ಲಿ ಕೈಗೆ ಬರುವುದು ಎನ್‌ಸಿಇಆರ್‌ಟಿಯ ದಪ್ಪ ಇಂಗ್ಲಿಷ್ ಪುಸ್ತಕ. ಹೆದರಿಕೆ ಸಹಜ. ಆದರೆ ಮೊದಲ ಟರ್ಮಿನಲ್ಲಿ ಮಕ್ಕಳು ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ ನೋಡಿದರೆ, ಇಂಗ್ಲಿಷಿಗಿಂತ ಜಾಸ್ತಿ ತೊಂದರೆ ಕೊಡುವುದು ಎಂಟನೇ ಕ್ಲಾಸಿನ ಗಣಿತ.

ಫಿಸಿಕ್ಸ್ ಪುಸ್ತಕದ ಎರಡನೇ ಪಾಠ ನೇರ ಗೆರೆಯಲ್ಲಿ ಚಲನೆ. ಅಲ್ಲೇ ಡೆರಿವೇಟಿವ್, ಅಂದರೆ ಬದಲಾವಣೆಯ ದರ ತೆಗೆಯುವ ಗಣಿತ, ಬಂದುಬಿಡುತ್ತದೆ. ಮೂರನೇ ಪಾಠಕ್ಕೆ ವೆಕ್ಟರ್, ಸೈನ್, ಕೋಸ್. ಗಣಿತದ ಪುಸ್ತಕದಲ್ಲಿ ಲಿಮಿಟ್ಸ್ ಮತ್ತು ಡೆರಿವೇಟಿವ್ಸ್ ಇರುವುದು 14 ಪಾಠಗಳಲ್ಲಿ 12ನೆಯದಾಗಿ! ಅಂದರೆ ಜೂನ್, ಜುಲೈಯಲ್ಲಿ ಫಿಸಿಕ್ಸಿಗೆ ಬೇಕಾದ್ದನ್ನು ಗಣಿತದವರು ಹೇಳಿಕೊಡುವುದು ವರ್ಷದ ಕೊನೆಗೆ. ಫಿಸಿಕ್ಸ್ ಟೀಚರ್ ಎರಡು ಪೀರಿಯಡ್‌ನಲ್ಲಿ ಅಷ್ಟಿಷ್ಟು ಹೇಳಿ ಮುಂದೆ ಹೋಗುತ್ತಾರೆ. ಸಮೀಕರಣ ಬಿಡಿಸುವುದು ಸಲೀಸಾಗಿ ಬರುವ ಮಗು ಅದನ್ನು ಹೇಗೋ ಹಿಡಿದುಕೊಳ್ಳುತ್ತದೆ. ಬಾರದ ಮಗುವಿಗೆ ಹೊಸದೂ ಹತ್ತುವುದಿಲ್ಲ, ಹಳೆಯದೂ ಕೈಕೊಡುತ್ತದೆ. ಇದರಲ್ಲಿ ಇಂಗ್ಲಿಷ್ ಮೀಡಿಯಂ, ಕನ್ನಡ ಮೀಡಿಯಂ ಅಂತ ಭೇದ ಇಲ್ಲ.

ಹಾಗಾಗಿ ಎಂಟು, ಒಂಬತ್ತರ ಮಕ್ಕಳಿಗೆ ನಾನು ಹೇಳುವುದು ತೀರಾ ಸಾದಾ ಕೆಲಸ. ಭಿನ್ನರಾಶಿ ಕೂಡಿಸುವುದು, ಭಾಗಿಸುವುದು. ಒಂದು ಸೂತ್ರದಲ್ಲಿ ಬೇಕಾದ ಅಕ್ಷರವನ್ನು ಒಂದು ಬದಿಗೆ ತರುವುದು: ದೂರದ ಸೂತ್ರ ಕೊಟ್ಟರೆ ಸಮಯ ಬಿಡಿಸಿ ತೆಗೆಯುವುದು, ಮಧ್ಯೆ ವರ್ಗಮೂಲ ಬಂದರೆ ಗಾಬರಿಯಾಗದಿರುವುದು. ಆಮೇಲೆ ಹತ್ತರ ಘಾತಗಳು. 3.2 × 10⁻⁵ ಅನ್ನು 8 × 10⁻⁹ ರಿಂದ ಭಾಗಿಸು ಅಂದರೆ ಕ್ಯಾಲ್ಕುಲೇಟರ್ ಇಲ್ಲದೆ 4 × 10³ ಅಂತ ಬರಬೇಕು. ಕೆಮಿಸ್ಟ್ರಿಯ ಮೋಲ್ ಲೆಕ್ಕದಲ್ಲಿ 6.022 × 10²³ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅಲ್ಲಿ ಕೆಮಿಸ್ಟ್ರಿ ಗೊತ್ತಿದ್ದೂ ಘಾತದಲ್ಲಿ ತಪ್ಪಿ ಮಾರ್ಕು ಕಳೆದುಕೊಳ್ಳುವವರು ಎಷ್ಟು ಜನ! ದಿನಾ ಸ್ವಲ್ಪ ಹೊತ್ತು ಸಾಕು, ಆದರೆ ದಿನಾ ಆಗಬೇಕು.

ಇನ್ನು ಇಂಗ್ಲಿಷ್. ಹತ್ತರವರೆಗಿನ ಎಸ್‌ಸಿಇಆರ್‌ಟಿಯ (ಕೇರಳದ ಪಾಠಪುಸ್ತಕ ತಯಾರಿಸುವ ಸಂಸ್ಥೆಯ) ಸೈನ್ಸ್, ಗಣಿತದ ಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ, ಪಾಠ ಒಂದೇ. ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಶಾಲೆಯಲ್ಲಿ ಪಾಠ ಕನ್ನಡದಲ್ಲಿ ಅರ್ಥವಾದ ಮೇಲೆ, ಅದೇ ಪಾಠವನ್ನು ಮನೆಯಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಒಮ್ಮೆ ಓದಿಸಿ. ಪರೀಕ್ಷೆಗಲ್ಲ, ಸುಮ್ನೆ ಓದಲಿಕ್ಕೆ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆ ತಾನಾಗಿ ಹಿಡಿಯುತ್ತದೆ. ಹತ್ತು ಮುಗಿಯುವಾಗ 'ಅಟ್ ರೆಸ್ಟ್', 'ನೆಗ್ಲೆಕ್ಟ್ ಏರ್ ರೆಸಿಸ್ಟೆನ್ಸ್' ಅಂತ ಲೆಕ್ಕದಲ್ಲಿ ಕಂಡರೆ ಮಗು ನಿಲ್ಲುವುದಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸುರಿಯುವ ದುಡ್ಡು ಈ ಕೆಲಸ ಮಾಡುವುದಿಲ್ಲ.

ಬಯಾಲಜಿಗೆ ಈಗಿಂದ ಏನೂ ಬೇಡ. ಚಿತ್ರ ನೀಟಾಗಿ ಬಿಡಿಸುವ ಅಭ್ಯಾಸ ಇದ್ದರೆ ಒಳ್ಳೆಯದು, ಅಷ್ಟೇ.

ಮತ್ತೊಂದು ಮಾತು, ನಮ್ಮ ಗಡಿಯವರಿಗೇ ವಿಶೇಷವಾಗಿ. ಪುತ್ತೂರು, ಮಂಗಳೂರಲ್ಲಿ ಪಿಯುಸಿ ಮಾಡುವ ಅಣ್ಣಂದಿರು, ಅಕ್ಕಂದಿರು "ಫಸ್ಟ್ ಇಯರ್ ಆರಾಮ, ಸೆಕೆಂಡ್ ಇಯರಿನಲ್ಲಿ ನೋಡಿಕೊಂಡರಾಯ್ತು" ಅನ್ನುತ್ತಾರೆ. ಅಲ್ಲಿ ಮಾರ್ಕ್ಸ್ ಕಾರ್ಡಿಗೆ ಸೆಕೆಂಡ್ ಪಿಯುಸಿ ಅಂಕ ಮಾತ್ರ. ಕೇರಳದಲ್ಲಿ ಹಾಗಲ್ಲ. ಒಟ್ಟು 1200ಕ್ಕೆ ಪ್ಲಸ್ ವನ್ ಅಂಕವೂ ಸೇರುತ್ತದೆ. ಇಂಪ್ರೂವ್‌ಮೆಂಟ್ ಪರೀಕ್ಷೆ ಇದೆ ನಿಜ, ಆದರೆ ಅದನ್ನು ಬರೆಯುವುದು ಪ್ಲಸ್ ಟೂ ಓದಿನ ನಡುವೆ. ಆ ಮೊದಲ ಟರ್ಮ್ ಬಗ್ಗೆ ನಾನು ಇಷ್ಟು ಹೇಳುವುದು ಇದಕ್ಕೇ.

"ಎಂಟರಿಂದಲೇ ನೀಟ್ ಫೌಂಡೇಶನ್ ಕೋಚಿಂಗ್ ಹಾಕುವುದಾ?" ಅಂತಲೂ ಕೇಳುತ್ತಾರೆ. ನನ್ನ ಮಟ್ಟಿಗೆ ಬೇಡ. ನೀಟ್ ಸಿಲೆಬಸ್ ಪ್ಲಸ್ ವನ್, ಪ್ಲಸ್ ಟೂಗಳದ್ದು. ಎಂಟನೇ ಕ್ಲಾಸಿನ ಮಗುವಿಗೆ ಅದನ್ನು ಕಲಿಸುವುದು ಹೆಚ್ಚಾಗಿ ಬಾಯಿಪಾಠ ಆಗುತ್ತದೆ. ಬದಲಿಗೆ ಒಂದು ವಿಷಯ ಗೊತ್ತಿರಲಿ: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಅದು ಕರ್ನಾಟಕದ ಕೇಂದ್ರಗಳಲ್ಲಿ. ಕೇರಳದ ಕೇಂದ್ರದಲ್ಲಿ ಬರೆಯುವವರು ಇಂಗ್ಲಿಷನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಹಾಗಂತ ಕನ್ನಡ ಬಿಟ್ಟು ಮಲಯಾಳವನ್ನೋ ಮತ್ತೊಂದನ್ನೋ ಹಿಡಿಯಬೇಡಿ. ಪ್ಲಸ್ ವನ್‌ನಲ್ಲಿ ಎರಡನೇ ಭಾಷೆಯಾಗಿ ಕನ್ನಡ ಕೊಡುವ ಶಾಲೆಗಳು ನಮ್ಮಲ್ಲಿವೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ, ತುಳು ಮಾತೃಭಾಷೆಯವರಿಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ದಾರಿ ಇದೆ. ಅದಕ್ಕೆ ಕನ್ನಡ ಪರೀಕ್ಷೆ ಪಾಸಾಗಬೇಕು. ಮೀಡಿಯಂ ಬದಲಿಸುವ ಮುಂಚೆ ಇದನ್ನು ಯೋಚಿಸಿ.

ಮಗಳಿಗೆ ಸೈನ್ಸೇ ಇಷ್ಟವಾ ಅಂತ ಕೇಳಿದ್ದೀರಾ? ಅವಳಿಗೇ ಇನ್ನೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಏಕಜಾಲಕದಲ್ಲಿ (ಪ್ಲಸ್ ವನ್ ಪ್ರವೇಶದ ಸಿಂಗಲ್ ವಿಂಡೋ ಅರ್ಜಿಯಲ್ಲಿ) ಶಾಲೆ, ಕಾಂಬಿನೇಶನ್ ಆಪ್ಶನ್ ಕೊಡುವುದು ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮೇಲೆ. ಅಷ್ಟರಲ್ಲಿ ಕಾಮರ್ಸ್ ಅಂದಳೋ, ಹಿಸ್ಟರಿ ಅಂದಳೋ, ಕಲಿತ ಭಿನ್ನರಾಶಿ ಮತ್ತು ಓದಿದ ಇಂಗ್ಲಿಷ್ ಪುಸ್ತಕ ಅಲ್ಲೂ ನಡೆಯುತ್ತದೆ.