ಹಿರಿಯರ ಕೈಕೆಲಸ ಕಸಿಯದ ಆರೈಕೆ

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಯಂತಹ ಕಡೆಗಳಲ್ಲಿ ಹೋಂ ನರ್ಸ್ ಇರುವ ಮನೆಗಳು ಈಗ ಅಪರೂಪವಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಹರಿಹರ, ಜಗಳೂರು ಕಡೆಯ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ತಿಂಗಳ ಸಂಬಳಕ್ಕೆ ಇಲ್ಲಿನ ಅಜ್ಜ-ಅಜ್ಜಿಯರನ್ನು ನೋಡಿಕೊಳ್ಳುತ್ತಾರೆ. ಇವರಿಗೂ, ಮನೆಯಲ್ಲೇ ಅತ್ತೆ-ಮಾವಂದಿರ ಆರೈಕೆ ಮಾಡುವ ಸೊಸೆಯಂದಿರಿಗೂ ತರಬೇತಿ ಕೊಡುವ ಕೆಲಸದಲ್ಲಿ ನಾನು ತೊಡಗಿಕೊಂಡಿದ್ದೇನೆ. ಬಿ.ಪಿ. ನೋಡುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಮುಂತಾದವನ್ನು ಅವರು ಬೇಗ ಕಲಿಯುತ್ತಾರೆ. ಹಿರಿಯರು ತಾವೇ ಮಾಡಬಲ್ಲ ಕೆಲಸಕ್ಕೆ ಕೈ ಹಾಕದೆ ಕಾಯುವುದನ್ನು ಕಲಿಸುವುದೇ ಕಷ್ಟ.

ಕಷ್ಟವೇಕೆಂದರೆ, ನಮ್ಮಲ್ಲಿ ಹಿರಿಯರಿಗೆ ಯಾವ ಕೆಲಸವನ್ನೂ ಹಚ್ಚದಿರುವುದೇ ಗೌರವ. ‘ದುಡಿದದ್ದು ಸಾಕು, ಸುಮ್ಮನೆ ಕೂತ್ಕೊಳ್ಳಿ ಅವ್ವ’ ಎಂದು ಪ್ರೀತಿಯಿಂದಲೇ ಕೂರಿಸುತ್ತೇವೆ. ಕೂತಲ್ಲಿಗೇ ಕಾಫಿ, ತಟ್ಟೆ, ಮಾತ್ರೆ ಎಲ್ಲವೂ ಬರುತ್ತವೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಮೊದಲು ಮಾಡದೆ ಬಿಟ್ಟಿದ್ದ ಕೆಲಸ ಈಗ ಮಾಡಲಾಗದ ಕೆಲಸವಾಗಿರುತ್ತದೆ. ಜರ್ಮನಿಯ ಮನೋವಿಜ್ಞಾನಿ ಮಾರ್ಗ್ರೆಟ್ ಬಾಲ್ಟೆಸ್ ವೃದ್ಧಾಶ್ರಮಗಳ ದಿನಚರಿಯನ್ನು ಗಮನಿಸಿ ಇದರ ಬಗೆಯನ್ನು ದಾಖಲಿಸಿದ್ದಾರೆ. ಹಿರಿಯರು ಸಹಾಯ ಬೇಡಿದಾಗ ಸಿಬ್ಬಂದಿ ತಕ್ಷಣ ಬಂದು ಮಾತನಾಡಿಸಿ ನೆರವಾಗುತ್ತಿದ್ದರು. ಅದೇ ಹಿರಿಯರು ತಾವಾಗಿ ಬಟ್ಟೆ ಹಾಕಿಕೊಂಡರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜನರ ಒಡನಾಟ ಬೇಕಿದ್ದರೆ ಅಸಹಾಯಕರಾಗಿರಬೇಕು ಎಂಬ ಪಾಠವನ್ನು ಆ ವ್ಯವಸ್ಥೆಯೇ ಕಲಿಸುತ್ತಿತ್ತು. ಸಿಬ್ಬಂದಿಗೆ ತರಬೇತಿ ಕೊಟ್ಟು ಅವರ ನಡವಳಿಕೆ ಬದಲಾಯಿಸಿದಾಗ ಹಿರಿಯರ ಸ್ವಾವಲಂಬನೆಯೂ ಹೆಚ್ಚಿತು ಎಂಬುದು ಬಾಲ್ಟೆಸ್ ಅವರ ಮುಂದಿನ ಕೆಲಸದಲ್ಲಿ ಕಂಡುಬಂತು. ನಮ್ಮ ಕೂಡುಕುಟುಂಬಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕಾಯುವುದೆಂದರೆ ಕೈಬಿಟ್ಟು ಕೂರುವುದಲ್ಲ. ಎಷ್ಟು ಕಡಿಮೆ ನೆರವಿನಿಂದ ಕೆಲಸ ಮುಂದುವರಿಯುತ್ತದೆ ಎಂದು ಅಳೆಯುತ್ತಾ ಹೋಗುವುದು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರಿಗೆ ಮರೆವಿನ ಕಾಯಿಲೆಯಿದೆ, ಮೊಮ್ಮಗನ ಹೆಸರು ನೆನಪಿಗೆ ಬರುವುದಿಲ್ಲ. ಬೆಳಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗ ಪೂಜೆಗೆ ಕೂತರೂ ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ತೋಚದೆ ತಡಕಾಡುತ್ತಿದ್ದರು. ಮನೆಯವರು ಅವರ ಹಣೆಗೆ ತಾವೇ ವಿಭೂತಿ ಹಚ್ಚಿ ಮುಗಿಸಿಬಿಡುತ್ತಿದ್ದರು. ಅವರನ್ನು ನೋಡಿಕೊಳ್ಳುವ ಹುಡುಗಿಗೆ, ನೀರಿನ ತಂಬಿಗೆ, ವಿಭೂತಿ, ಪತ್ರೆಗಳನ್ನು ಬಳಸುವ ಅನುಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಟ್ಟು, ಮಾತಾಡದೆ ಪಕ್ಕದಲ್ಲಿ ಕೂರಲು ಹೇಳಿದೆವು. ಅವರು ನಿಂತುಬಿಟ್ಟರೆ ಬೆರಳಿನಿಂದ ತೋರಿಸಬೇಕು. ಅದೂ ಸಾಲದಿದ್ದರೆ ‘ಅಜ್ಜಾ, ವಿಭೂತಿ’ ಎಂಬ ಒಂದೇ ಮಾತು. ಕೊನೆಗಷ್ಟೇ ಕೈ ಹಿಡಿದು ಶುರುಮಾಡಿಸಬೇಕು. ಮೂರು ಬೆರಳು ವಿಭೂತಿಯನ್ನು ಮುಟ್ಟಿದ್ದೇ ತಡ, ಉಳಿದದ್ದನ್ನು ಕೈಯೇ ಮಾಡಿಕೊಂಡು ಹೋಯಿತು. ವರ್ಷಗಟ್ಟಲೆ ಮಾಡಿದ ಕ್ರಿಯೆಯ ನೆನಪು, ಹೆಸರು ಮತ್ತು ಘಟನೆಗಳ ನೆನಪಿಗಿಂತ ಬಹಳ ಕಾಲ ಉಳಿಯುತ್ತದೆ. ಆರೈಕೆ ಮಾಡುವವರು ಹಿಡಿಯಬೇಕಾದ ಎಳೆ ಅದು.

ಬುದ್ಧಿ ಚುರುಕಾಗಿಸುವ ಮೊಬೈಲ್ ಆಟಗಳ ಬಗ್ಗೆ ಹಿರಿಯರ ಮಕ್ಕಳು ಆಗಾಗ ಕೇಳುತ್ತಾರೆ. ಅಮೆರಿಕದಲ್ಲಿ 2,832 ಹಿರಿಯರನ್ನು ಸೇರಿಸಿಕೊಂಡು ನಡೆದು, 2002ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ನೆನಪಿನ ತರಬೇತಿ ಪಡೆದವರು ನೆನಪಿನ ಪರೀಕ್ಷೆಗಳಲ್ಲಿ, ತರ್ಕದ ತರಬೇತಿ ಪಡೆದವರು ತರ್ಕದ ಪರೀಕ್ಷೆಗಳಲ್ಲಿ ಸುಧಾರಿಸಿದರು. ಒಂದರ ಲಾಭ ಇನ್ನೊಂದಕ್ಕೆ ಅಷ್ಟಾಗಿ ಹರಿಯಲಿಲ್ಲ. ಹಾಗಾಗಿ ಅಜ್ಜಿ ಸೊಪ್ಪಿನ ಗಾಡಿಯವನ ಹತ್ತಿರ ವ್ಯವಹಾರ ಮಾಡಬೇಕೆಂದಿದ್ದರೆ ಅವರಿಗೆ ಅಭ್ಯಾಸ ಆಗಬೇಕಾದ್ದು ಆ ವ್ಯವಹಾರವೇ. (ಫೋನ್‌ಪೇ ಬಂದ ಮೇಲೆ ಚಿಲ್ಲರೆ ಎಣಿಸುವ ಅವಕಾಶವೂ ಹಿರಿಯರ ಕೈತಪ್ಪಿದೆ, ನೋಡಿಕೊಳ್ಳುವವರು ಅವರ ಕೈಗೆ ನೋಟು ಕೊಟ್ಟೇ ಗಾಡಿಯ ಬಳಿಗೆ ಕರೆದೊಯ್ಯಲಿ ಎಂದು ನಾನು ಒತ್ತಾಯಿಸುತ್ತೇನೆ.) ಅವರೆಕಾಯಿ ಬಿಡಿಸುವುದು, ಮೆಂತ್ಯೆ ಸೊಪ್ಪು ಸೋಸುವುದು, ಚೌಕಾಬಾರ ಆಡುವುದು ಎಲ್ಲವೂ ಒಳ್ಳೆಯವೇ. ಆದರೆ ಅವರು ಸೋಸಿದ ಸೊಪ್ಪನ್ನು ಅವರ ಕಣ್ಣೆದುರೇ ಮತ್ತೊಮ್ಮೆ ಸೋಸಿದರೆ, ಅದಕ್ಕಿಂತ ಕೆಲಸ ಕೊಡದೇ ಇರುವುದೇ ಮೇಲು. ಗ್ಯಾಸ್ ಒಲೆ ಮತ್ತು ಮಾತ್ರೆಗಳ ವಿಷಯದಲ್ಲಿ ಮಾತ್ರ, ಮರೆವು ಹೆಚ್ಚಿರುವವರನ್ನು ಒಬ್ಬರನ್ನೇ ಬಿಡಬಾರದು.

ಎಲ್ಲ ಮರೆವಿಗೂ ‘ಅರವತ್ತಕ್ಕೆ ಅರಳು ಮರಳು’ ಎಂದು ಷರಾ ಬರೆಯುವ ಚಾಳಿಯನ್ನೂ ತರಬೇತಿಯಲ್ಲಿ ಬಿಡಿಸಬೇಕಾಗುತ್ತದೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ; ಎಂದರೆ ಬಹುಪಾಲು ಹಿರಿಯರಿಗೆ ಆ ಕಾಯಿಲೆ ಇಲ್ಲ. ಕಿವಿ ಮಂದವಾದವರು ಕೇಳಿಸದೇ ಹೋದದ್ದನ್ನು ಮರೆತವರಂತೆ ಕಾಣುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಗಳಿಂದಲೂ ಮಂಕು ಕವಿಯುತ್ತದೆ, ಇವುಗಳಿಗೆ ಚಿಕಿತ್ಸೆಯಿದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಏಕಾಏಕಿ ಗೊಂದಲದ ಮಾತಾಡಿದರೆ ಅದು ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಇರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು. ಈ ವ್ಯತ್ಯಾಸವನ್ನು ಮೊದಲು ಗಮನಿಸಬಲ್ಲವರು, ದಿನವಿಡೀ ಜೊತೆಗಿರುವವರೇ.

ಇಷ್ಟೆಲ್ಲ ಕಲಿತು ಹೋದ ಹುಡುಗಿಯರು ಎದುರಿಸುವ ದೊಡ್ಡ ತೊಡಕು ಸಂಬಳ ಕೊಡುವವರದು. ಅಜ್ಜಿ ನಿಧಾನವಾಗಿ ತಮ್ಮ ರವಿಕೆಯ ಹುಕ್ಕು ಹಾಕಿಕೊಳ್ಳುತ್ತಿರುವಾಗ ಪಕ್ಕದಲ್ಲಿ ಸುಮ್ಮನೆ ನಿಂತವಳನ್ನು ಕಂಡ ಮಗ, ‘ನಿನ್ನ ಯಾಕೆ ಇಟ್ಕೊಂಡಿದ್ದೀವಿ?’ ಎಂದು ಕೇಳುತ್ತಾನೆ. ಅವಳ ದೃಷ್ಟಿಯಲ್ಲೂ ಅವನ ದೃಷ್ಟಿಯಲ್ಲೂ ಕಣ್ಣಿಗೆ ಕಾಣುವ ದುಡಿಮೆಯೇ ಕೆಲಸ; ಬಯ್ಗುಳದ ಭಯಕ್ಕೆ ಅವಳು ಮರುದಿನ ಹುಕ್ಕನ್ನು ತಾನೇ ಹಾಕಿಬಿಡುತ್ತಾಳೆ. ಆದ್ದರಿಂದ ದಿನಚರಿಯ ಪುಸ್ತಕದಲ್ಲಿ ತಾನು ಮಾಡಿದ್ದರ ಜೊತೆಗೆ ಹಿರಿಯರು ತಾವಾಗಿ ಎಷ್ಟು ಮಾಡಿದರು ಎಂಬುದನ್ನೂ ಬರೆಯಲು ಹೇಳಿಕೊಡುತ್ತೇವೆ: ಬೆನ್ನು ಮಾತ್ರ ನಾನು ಉಜ್ಜಿದೆ, ಮಿಕ್ಕ ಸ್ನಾನ ಅವರದೇ, ಸೀರೆಯ ನೆರಿಗೆಗೆ ಇಂದು ಸಹಾಯ ಬೇಕಾಯಿತು, ಹೀಗೆ. ಬರೆಯಲು ಬಾರದವರು ಸಂಜೆ ಮನೆಯವರಿಗೆ ಬಾಯಲ್ಲೇ ಒಪ್ಪಿಸಲಿ. ಕೆಲವು ಮನೆಗಳಲ್ಲಿ ಇದು ನಡೆದಿದೆ, ಕೆಲವೆಡೆ ಸ್ನಾನಕ್ಕೆ ಇಷ್ಟು ಹೊತ್ತೇ ಎಂಬ ಆಕ್ಷೇಪ ನಿಂತಿಲ್ಲ. ಈಗ ತರಬೇತಿಯ ಮೊದಲ ದಿನಕ್ಕೆ ಹೋಂ ನರ್ಸ್ ಜೊತೆ ಸಂಬಳ ಕೊಡುವವರೂ ಬರಬೇಕೆಂದು ಕೇಳುತ್ತಿದ್ದೇವೆ, ಊರಲ್ಲಿಲ್ಲದ ಮಕ್ಕಳು ವಿಡಿಯೊ ಕಾಲ್‌ನಲ್ಲಾದರೂ ಕೂರಬೇಕು.